‘ಪರ್ಸನಾಲಿಟಿ’ ಅಂದರೆ ಮೈಕಟ್ಟೇ?

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. 11 ವರ್ಷದಿಂದ ಒಂದೇ ವಿಭಾಗದಲ್ಲಿದ್ದೀರಿ. ಹೊಸಬರಿಗೆಲ್ಲ ಕೆಲಸ ಕಲಿಸಿದ್ದೀರಿ. ಮುಖ್ಯಸ್ಥರ ಜಾಗ ಖಾಲಿಯಾದಾಗ ಮಾತ್ರ, ‘ಕೆಲಸದಲ್ಲಿ ನೀವು ಗಟ್ಟಿ, ಆದರೆ ಆ ಕುರ್ಚಿಗೆ ಪರ್ಸನಾಲಿಟಿ ಬೇಕು’ ಅಂದರಂತೆ. ‘ಐದಡಿಯೂ ಇಲ್ಲದ ನಾನು ಗ್ರೂಮಿಂಗ್ ಕ್ಲಾಸಿಗೆ ಸೇರಲೇ, ಆಸೆ ಬಿಡಲೇ?’ ಅಂತ ಕೇಳಿದ್ದೀರಿ.

ಎರಡೂ ಬೇಡ.

ಒಗೆದ ಬಟ್ಟೆ, ಬಾಚಿದ ತಲೆ ಬೇಕು, ಒಪ್ಪುತ್ತೇನೆ. ಆ ಮಾತು ಅಲ್ಲಿಗೆ ಮುಗಿಯಿತು. ಆದರೆ ‘ಒಳ್ಳೇ ಪರ್ಸನಾಲಿಟಿ’ ಅಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದೇನು? ಆರಡಿ ಎತ್ತರ, ಅಗಲ ಭುಜ, ದಪ್ಪ ದನಿ. ಸ್ವಭಾವಕ್ಕೆ ಸಲ್ಲಬೇಕಾದ ಪದವನ್ನು ತಂದು ಮೈಕಟ್ಟಿಗೆ ಅಂಟಿಸಿಬಿಟ್ಟಿದ್ದೇವೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲಿ ಒಂದು ಲೇಖನ ಬರೆದರು. ಸೇನಾಧಿಕಾರಿಗಳು ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಅವರು ತಾಳೆ ನೋಡಿದ್ದರು. ಮೈಕಟ್ಟಿಗೆ ಜಾಸ್ತಿ ಅಂಕ ಬಿದ್ದವರಿಗೆ ಬುದ್ಧಿಗೂ, ನಾಯಕತ್ವಕ್ಕೂ ಜಾಸ್ತಿಯೇ ಬಿದ್ದಿತ್ತು. ಅದೇ ವರ್ಷ ಅದೇ ದೇಶ ವಾರನ್ ಹಾರ್ಡಿಂಗ್ ಅವರನ್ನು ಅಧ್ಯಕ್ಷರಾಗಿ ಆರಿಸಿತು. ನೋಡೋಕೆ ಥೇಟ್ ಅಧ್ಯಕ್ಷರ ಹಾಗೇ ಇದ್ದರು. ಅವರ ಆಡಳಿತ ಇವತ್ತಿಗೂ ನೆನಪಾಗುವುದು ತೈಲ ನಿಕ್ಷೇಪದ ಗುತ್ತಿಗೆಯ ಲಂಚ ಹಗರಣಕ್ಕೆ.

2009ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವಿದೆ. 5ರಿಂದ 13 ವರ್ಷದ ಸ್ವಿಸ್ ಮಕ್ಕಳಿಗೆ ಎರಡೆರಡು ಫೋಟೋ ತೋರಿಸಿ, ‘ನಿನ್ನ ದೋಣಿಗೆ ಯಾರು ಕ್ಯಾಪ್ಟನ್?’ ಅಂತ ಕೇಳಿದರು. ಫೋಟೋದಲ್ಲಿದ್ದವರು ಫ್ರಾನ್ಸಿನ ಚುನಾವಣೆಯಲ್ಲಿ ನಿಂತವರು. ಸುಮಾರು ಶೇ 70ರಷ್ಟು ಸಲ ಮಕ್ಕಳು ಬೊಟ್ಟು ಮಾಡಿದ್ದು ಗೆದ್ದವರನ್ನೇ! ಮತ ಹಾಕುವ ದೊಡ್ಡವರ ಕಣ್ಣೂ ಮಕ್ಕಳ ಕಣ್ಣಿನಷ್ಟೇ ಬೆಳೆದಿದೆ ಅಂತಾಯಿತು, ಅಲ್ವಾ?

ನಾನು ಕೆಲಸ ಕಲಿತ ಪತ್ರಿಕೆಯಲ್ಲಿ ಹಿರಿಯ ಉಪಸಂಪಾದಕಿ ಒಬ್ಬರಿದ್ದರು. ಕುಳ್ಳಗಿದ್ದರು, ಕೆನ್ನೆ ಮೇಲೆ ಸುಟ್ಟ ಕಲೆ. ನಡುರಾತ್ರಿ ಸುದ್ದಿ ಬದಲಾದರೆ ಹತ್ತೇ ನಿಮಿಷದಲ್ಲಿ ಪುಟ ಮತ್ತೆ ಕಟ್ಟುತ್ತಿದ್ದರು. ದನಿ ಏರಿಸಿದ್ದನ್ನು ನಾನು ಕಂಡಿಲ್ಲ. ಮುಖ್ಯಸ್ಥರ ಜಾಗ ಮಾತ್ರ ಹೊರಗಿನಿಂದ ಬಂದ ಎತ್ತರದ ಆಳಿಗೆ ಹೋಯಿತು. ‘ನಾಲ್ಕು ಜನರ ಮುಂದೆ ಕೂರಬೇಕಲ್ಲ’ ಅಂದರಂತೆ. ಆತ ದಿನಾ ಸಂಜೆ ತಲೆಬರಹದ ಚೀಟಿ ಹಿಡಿದು ಇವರ ಮೇಜಿನ ಪಕ್ಕ ಬಂದು ನಿಲ್ಲುತ್ತಿದ್ದರು. ಇವರು ಕೆಂಪು ಪೆನ್ಸಿಲಿನಲ್ಲಿ ಒಂದು ಪದ ಹೊಡೆದು, ಇನ್ನೊಂದು ಬರೆದು, ಸುಮ್ನೆ ವಾಪಸ್ ಕೊಡುತ್ತಿದ್ದರು. ಆ ಪೆನ್ಸಿಲ್ ನೆನಪಾದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಹೆಂಗಸರ ಪಾಡು ಇನ್ನೂ ಕಷ್ಟ. ಚೆಂದ ಇಲ್ಲದಿದ್ದರೆ ‘ಮುಖದಲ್ಲಿ ಕಳೆಯಿಲ್ಲ’, ಇದ್ದರೆ ‘ಚೆಂದದಿಂದಲೇ ಮೇಲೆ ಬಂದಳು’. ಅಸಲಿಗೆ ಕೆಲಸದ ಅರ್ಜಿಗೆ ಫೋಟೋ ಯಾಕೆ ಅಂಟಿಸಬೇಕು? ಪಶ್ಚಿಮದ ಎಷ್ಟೋ ವಾದ್ಯವೃಂದಗಳು ಹೊಸಬರನ್ನು ಆರಿಸುವಾಗ ಪರದೆಯ ಹಿಂದೆ ಕೂರಿಸಿ ನುಡಿಸಲು ಹೇಳುತ್ತವೆ. ಬೂಟಿನ ಸದ್ದಿನಿಂದಲೂ ಗಂಡೋ ಹೆಣ್ಣೋ ತಿಳಿಯಬಾರದು ಅಂತ ನೆಲಕ್ಕೆ ಜಮಖಾನ ಹಾಸಿದ್ದೂ ಉಂಟು. ಕಿವಿ ಪಳಗಿದ ಸಂಗೀತಗಾರರಿಗೇ ತಮ್ಮ ಕಣ್ಣಿನ ಮೇಲೆ ಅಷ್ಟು ಅನುಮಾನ. ಬಡ್ತಿ ಕೊಡುವವರಿಗೆ ಯಾಕಿಲ್ಲ?

ನಿಮ್ಮ ಮೇಲೂ ನನ್ನದೊಂದು ತಕರಾರಿದೆ. ನಾಲ್ಕು ಪುಟದ ಪತ್ರದಲ್ಲಿ ನಿಮ್ಮ ಎತ್ತರ ಮೂರು ಕಡೆ ಬಂದಿದೆ. ನೀವು ತಯಾರು ಮಾಡಿದವರು ಎಷ್ಟು ಜನ, ಕೆಟ್ಟು ನಿಂತ ಯಾವ ಕೆಲಸವನ್ನು ಎತ್ತಿ ನಿಲ್ಲಿಸಿದಿರಿ, ಒಂದು ಕಡೆಯೂ ಇಲ್ಲ. ಅದನ್ನು ಬರೆದು ಮೇಲಿನವರಿಗೆ ಕೊಡಿ. ಮತ್ತೆ ಪರ್ಸನಾಲಿಟಿ ಸಾಲದು ಅಂದರೆ, ಏನು ಸಾಲದು ಅಂತ ಕಾಗದದ ಮೇಲೆ ಬರೆದುಕೊಡಿ ಅನ್ನಿ. ಏನು ಬರೆದರು ಅಂತ ನನಗೂ ತಿಳಿಸಿ.