ಖಂಜಿರ ಕಲಿಯೋಕೆ 44 ತಡ ಅಲ್ಲ, ಆದ್ರೆ ಬಿಪಿ ಇಳಿಯುತ್ತೆ ಅಂತ ನಂಬ್ಕೊಂಡು ಬರ್ಬೇಡಿ

ಮೇಡಂ, ನಿಮ್ಮ ಪೋಸ್ಟ್ ಮೂರು ದಿನದಿಂದ ನೋಡ್ತಾನೇ ಇದೀನಿ, ಕೂತು ಬರೆಯೋಕೆ ಈಗ ಟೈಮ್ ಸಿಕ್ತು. ವಯಸ್ಸು 44, ಬ್ಯಾಂಕ್ ಕೆಲಸ, ಸಂಗೀತದ ಗಂಧಗಾಳಿ ಇಲ್ಲ, ಕೈಯಲ್ಲಿ ಬಾರಿಸೋ ಯಾವುದಾದ್ರೂ ವಾದ್ಯ ಕಲಿಬೇಕು, ಅದರಿಂದ ಏನಾದ್ರೂ ಸಿಗುತ್ತಾ ಇಲ್ಲಾ ನಾಲ್ಕು ತಿಂಗಳಿಗೆ ಅಟ್ಟ ಸೇರುತ್ತಾ ಅಂತ ಕೇಳಿದೀರ. ಮೇಲೆ ಒಬ್ರು ಸ್ಟ್ರೆಸ್ ಹೋಗುತ್ತೆ ಬಿಪಿ ಇಳಿಯುತ್ತೆ ಅಂತ ಬರೆದಿದಾರೆ. ನಾನು 41ಕ್ಕೆ ಖಂಜಿರ, ಅಂದ್ರೆ ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಬಾರಿಸೋ ಪುಟ್ಟ ಚರ್ಮವಾದ್ಯ, ಶುರು ಮಾಡಿದೋನು, ಆರು ವರ್ಷ ಆಯ್ತು, ನನ್ನ ಬಿಪಿ ಇಳಿದಿಲ್ಲ, ಬೆಳಗ್ಗೆ ಒಂದು ಮಾತ್ರೆ ಹಾಗೇ ನಡೀತಿದೆ. ಸಿಕ್ಕಿದ್ದು ಬೇರೆ.

ನಮ್ಮ ಮೇಷ್ಟ್ರು ಮೃದಂಗದವರು. ಮೊದಲ ಎರಡು ತಿಂಗಳು ವಾದ್ಯ ಮುಟ್ಟಿಸ್ಲೇ ಇಲ್ಲ. ತೊಡೆ ಮೇಲೆ ತಾಳ ಹಾಕು, ಬಾಯಲ್ಲಿ ಹೇಳು, ಅಷ್ಟೇ. ಆದಿತಾಳ ಅಂದ್ರೆ ಒಂದು ಪೆಟ್ಟು, ಕಿರುಬೆರಳು, ಉಂಗುರಬೆರಳು, ನಡುಬೆರಳು, ಆಮೇಲೆ ಪೆಟ್ಟು ತಿರುವು ಪೆಟ್ಟು ತಿರುವು (ತಿರುವು ಅಂದ್ರೆ ಕೈ ಮಗುಚಿ ಹಾಕೋದು), ಎಣಿಸಿದ್ರೆ 8. ಇದೇನು ಮಹಾ ಅಂದ್ಕೊಂಡಿದ್ದೆ. ನಾಲ್ಕು ಅಕ್ಷರದ ತಕಧಿಮಿ ಹೇಳ್ಕೊಂಡು ಆರಾಮಾಗಿ ಹೋಗ್ತಿರೋನಿಗೆ ಈಗ ಅದೇ ತಾಳಕ್ಕೆ ಮೂರು ಅಕ್ಷರದ ತಕಿಟ ಹೇಳು ಅಂದ್ರೆ ಕೈ ನಿಂತೋಗೋದು, ಕೈ ಸರಿ ಮಾಡ್ಕೊಂಡ್ರೆ ಬಾಯಿ ನಿಂತೋಗೋದು. ಪಕ್ಕದಲ್ಲಿ ಒಂಬತ್ತು ವರ್ಷದ ಹುಡುಗ ಒಬ್ಬ, ಚಿಪ್ಸ್ ತಿಂದ್ಕೊಂಡೇ ಹೇಳೋನು. ಆಫೀಸಲ್ಲಿ ಹತ್ತು ಜನ ನನ್ನ ಸೈನ್‌ಗೆ ಕಾಯ್ತಾರೆ, ಇಲ್ಲಿ ಮಾತ್ರ ನಾನೇ ಕ್ಲಾಸಿನ ದಡ್ಡ. ಮೊದಲು ನಾಚಿಕೆ ಆಗ್ತಿತ್ತು, ಆಮೇಲೆ ನಿಜ ಹೇಳ್ಬೇಕಂದ್ರೆ ಅದೇ ಒಂಥರಾ ಬಿಡುವು ಅನ್ನಿಸ್ತು, ವಾರಕ್ಕೆ ಎರಡು ಗಂಟೆ ಯಾರೂ ನನ್ನನ್ನ ಬುದ್ಧಿವಂತ ಅಂತ ನಂಬ್ಕೊಂಡಿರಲ್ಲ.

ಒಂದು ಪಾಠ ಹೇಳ್ತೀನಿ, ನೀವೂ ಟೇಬಲ್ ಮೇಲೆ ಮಾಡಿ ನೋಡಿ. ಆದಿತಾಳದ ಒಂದು ಸುತ್ತಿಗೆ ಒಂದೊಂದು ಎಣಿಕೆಗೆ ಎರಡೆರಡು ಅಕ್ಷರ ಅಂತ ಲೆಕ್ಕ ಹಾಕಿದ್ರೆ 16 ಆಗುತ್ತೆ. ತದಿಗಿಣತೊಂ ಅನ್ನೋದು 5. ಮೂರು ಸಲ ಹೇಳಿದ್ರೆ 15. ಹಾಗಾಗಿ ಶುರುಲಿ 1 ಬಿಟ್ಟು ಹಿಡಿದ್ರೆ ಮೂರೂ ಮುಗಿದು ಸರಿಯಾಗಿ ಮುಂದಿನ ಸಮಕ್ಕೆ, ಅಂದ್ರೆ ತಾಳದ ಮೊದಲ ಪೆಟ್ಟಿಗೆ, ಬಂದು ಕೂರುತ್ತೆ. ಇದರಲ್ಲಿ ಕಷ್ಟ ಯಾವುದು ಗೊತ್ತಾ, ಆ 15 ಅಲ್ಲ, ಬಿಡೋ ಆ 1. ನಾನು ಪ್ರತಿ ಸಲ ಅದನ್ನ ತಿಂದ್ಹಾಕಿ ಮುಂದೆ ಓಡೋದು, ಕೊನೇಲಿ ಒಂದು ಅಕ್ಷರ ಮೊದಲೇ ಬಂದು ಪೆಕರನ ಥರ ನಿಲ್ಲೋದು. ಒಂದಿನ ಆ ಹುಡುಗನೇ ಹೇಳ್ದ, ಅಂಕಲ್, ಬಿಡೋದನ್ನ ಬಿಡಬೇಡಿ, ಮನಸಲ್ಲಿ ಹೇಳ್ಕೊಳಿ ಅಂತ. ಮೇಷ್ಟ್ರು ನಕ್ಕುಬಿಟ್ರು. ಅವತ್ತಿಂದ ಸರಿ ಹೋಯ್ತು.

ಆಮೇಲೆ ಭಜನೆ. ನಮ್ಮ ಬಡಾವಣೆ ದೇವಸ್ಥಾನದಲ್ಲಿ ಶನಿವಾರ ಸಂಜೆ ಭಜನೆ ನಡಿಯುತ್ತೆ, ಹತ್ತು ಹನ್ನೆರಡು ಜನ. ಒಂದು ವರ್ಷ ಕಲ್ತ ಮೇಲೆ ನಾನೂ ಖಂಜಿರ ಹಿಡ್ಕೊಂಡು ಹೋದೆ, ಕಲ್ತಿದ್ದನ್ನೆಲ್ಲ ಒಂದೇ ದೇವರನಾಮಕ್ಕೆ ಸುರಿದೆ. ಮುಂದೆ ಕೂತಿದ್ದ ಅಜ್ಜಿ ಒಬ್ರು, ಅವರೇ ಅಲ್ಲಿ ಎತ್ತಿ ಹಾಡೋರು, ಹಾಡು ನಿಲ್ಲಿಸಿ ತಿರುಗಿ, ಸ್ವಲ್ಪ ಜಾಗ ಬಿಡಪ್ಪ, ನಾವೂ ಹಾಡ್ಬೇಕಲ್ಲ ಅಂದ್ರು. ಎಲ್ರ ಮುಂದೆ. ಮನೆಗೆ ಬಂದು ವಾದ್ಯ ಬೀರುಲಿ ಇಟ್ಟು ಎರಡು ವಾರ ಹೋಗ್ಲಿಲ್ಲ. ಮೂರನೇ ವಾರ ಹೋದೆ, ಪಲ್ಲವಿಗೆ ಬರೀ ತಾಳದ ಪೆಟ್ಟು ಅಷ್ಟೇ ಹಾಕ್ದೆ, ಚರಣ ಮುಗಿದು ಅವರು ಉಸಿರು ತಗೊಳೋ ಜಾಗದಲ್ಲಿ ಮಾತ್ರ ನಾಲ್ಕು ಅಕ್ಷರ ಬಾರಿಸ್ದೆ. ಅಜ್ಜಿ ಏನೂ ಹೇಳ್ಲಿಲ್ಲ, ಪ್ರಸಾದ ಕೊಡುವಾಗ ನನ್ನ ದೊನ್ನೆಗೆ ಎರಡು ಸೌಟು ಸಿಹಿ ಪೊಂಗಲ್ ಬಿತ್ತು.

ಖಂಜಿರ ಅಂದ್ರೇನೇ ಹಾಗೆ. ಸಂಗೀತ ಕಚೇರಿಲಿ ಅದು ಉಪಪಕ್ಕವಾದ್ಯ, ಅಂದ್ರೆ ಮೃದಂಗದ ಜೊತೆಗಿರೋ ಎರಡನೇ ತಾಳವಾದ್ಯ, ಮೃದಂಗದವರು ಬಾರಿಸುವಾಗ ಎಷ್ಟೋ ಹೊತ್ತು ಸುಮ್ನೆ ಕೂತಿರ್ಬೇಕು, ಆದ್ರೆ ಲೆಕ್ಕ ತಪ್ಪಬಾರದು. ಬೆಂಗಳೂರಿನ ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಚೇರಿಗಳಿಗೆ ಮುಂಚೆ ನಾನು ತುಂಬಾ ಹೋಗ್ತಿದ್ದೆ, ತನಿ ಆವರ್ತನ, ಅಂದ್ರೆ ಹಾಡು ನಿಲ್ಲಿಸಿ ಬರೀ ತಾಳವಾದ್ಯದವರು ಬಾರಿಸೋ ಭಾಗ, ಶುರು ಆಗ್ತಿದ್ದಂಗೆ ಎದ್ದು ಕಾಫಿಗೆ ಹೋಗೋ ಗುಂಪಲ್ಲಿ ನಾನೂ ಒಬ್ಬ. ಈಗ ಉಲ್ಟಾ, ತನಿಗೆ ಅಂತಾನೇ ಹೋಗ್ತೀನಿ, ಸೈಡಲ್ಲಿ ಕೂತು ಖಂಜಿರದವರ ಎಡಗೈ ನೋಡ್ತೀನಿ. ಖಂಜಿರ ವಿದ್ವಾನ್ ಹರಿಶಂಕರ್ ಅವರ ಹಳೇ ರೆಕಾರ್ಡಿಂಗ್ ಯೂಟ್ಯೂಬಲ್ಲಿ ಸಿಗುತ್ತೆ, ಕೇಳಿ, 2002ರಲ್ಲಿ ಹೋಗ್ಬಿಟ್ರು. 2024ರಲ್ಲಿ ಶಕ್ತಿ ಬ್ಯಾಂಡಿಗೆ ಗ್ರ್ಯಾಮಿ ಬಂತಲ್ಲ, ಅದರಲ್ಲಿ ಸೆಲ್ವಗಣೇಶ್ ಬಾರಿಸೋದೂ ಇದೇ ತಟ್ಟೆಯಷ್ಟು ಅಗಲದ ವಾದ್ಯ.

ಹೆಂಗಸರಿಗೆ ಇದೆಲ್ಲ ಯಾಕೆ ಅಂತ ನಿಮ್ಮ ಮನೇಲಿ ಅಂದ್ರಂತೆ. ಬೆಂಗಳೂರಲ್ಲೇ ಇರೋ ಸುಕನ್ಯಾ ರಾಮಗೋಪಾಲ್ ಅವರ ಘಟದ ವಿಡಿಯೋ ಒಂದು ಹಾಕಿ ತೋರಿಸಿ, ಸ್ತ್ರೀ ತಾಳ್ ತರಂಗ್ ಅಂತ ಹೆಂಗಸರದ್ದೇ ತಾಳವಾದ್ಯದ ಗುಂಪನ್ನೇ ಕಟ್ಟಿದೋರು. ಅದಕ್ಕಿಂತ ಜಾಸ್ತಿ ವಾದ ಬೇಡ.

ಈಗ ಯಾವ ವಾದ್ಯ ಅನ್ನೋದು. ಜೆಂಬೆ (ಆಫ್ರಿಕಾದ ಡ್ರಮ್) ತಗೊಳಿ ಒಂದೇ ದಿನದಲ್ಲಿ ಬರುತ್ತೆ ಅಂತ ಮೇಲೆ ಇನ್ನೊಬ್ರು ಹೇಳಿದಾರೆ, ಕೆಟ್ಟದೇನಲ್ಲ, ನಮ್ಮ ಆಫೀಸಲ್ಲೂ ಒಂದ್ಸಲ ಎಲ್ರಿಗೂ ಕೊಟ್ಟು ಬಾರಿಸಿದ್ರು, ಮಜಾ ಬಂತು, ಆದ್ರೆ ಮಾರನೇ ದಿನ ಜೊತೇಲಿ ಬಾರಿಸೋಕೆ ಯಾರಿದಾರೆ? ಅಪಾರ್ಟ್‌ಮೆಂಟಲ್ಲಿ ಅದರ ಸದ್ದು ನಾಲ್ಕು ಮನೆಗೆ ಕೇಳುತ್ತೆ ಬೇರೆ. ನಿಮ್ಮ ಸುತ್ತ ಯಾರು ಹಾಡ್ತಾರೆ ಅದನ್ನ ನೋಡಿ ವಾದ್ಯ ಆರಿಸಿ, ನನ್ನ ಅನುಭವದಲ್ಲಿ ಅಟ್ಟ ಸೇರೋದು ಸೇರದೇ ಇರೋದು ಅದರ ಮೇಲೇ ನಿಂತಿದೆ. ನಂಗೆ ಭಜನೆ ಇತ್ತು, ಅಲ್ಲಿ ಆಟೋ ಓಡಿಸೋರು, ರಿಟೈರ್ಡ್ ಪೋಸ್ಟ್ ಮಾಸ್ಟರ್, ಹೂವಿನ ಅಂಗಡಿಯವರು, ಯಾರ ಮಂಡಿ ನೋವು ಯಾವ ಕಡೆ ಅಂತ ಗೊತ್ತು, ಯಾರ ಸಂಬಳ ಎಷ್ಟು ಅಂತ ಇವತ್ತಿಗೂ ಗೊತ್ತಿಲ್ಲ. ಮೃದಂಗಕ್ಕೆ ಶ್ರುತಿ ಕೂರಿಸೋದು, ಎಡ ಮುಖದ ಚರ್ಮಕ್ಕೆ ಕಲಸಿದ ರವೆ ಹಚ್ಚೋದು ಇದೆ, ಕಲಿಯೋಕೆ ಒಳ್ಳೇದೇ, ಬೆಳಗ್ಗೆ ಎಂಟಕ್ಕೆ ಬ್ಯಾಂಕಿಗೆ ಹೊರಡೋರಿಗೆ ತಾಪತ್ರಯ. ಖಂಜಿರಕ್ಕೆ ಶ್ರುತಿ ಸೇರಿಸೋ ಕೆಲಸ ಇಲ್ಲ, ಬ್ಯಾಗಲ್ಲಿ ಹಿಡಿಯುತ್ತೆ.

ತಗೊಳ್ಳುವಾಗ ಚರ್ಮ ಬಿಗಿಯೋ ಬಳೆ ಹಲಸಿನ ಮರದ್ದು ಇರೋದು ನೋಡಿ, ಬಿಸಿಲಿಗೆ ಹಿಡಿದು ಸೀಳು ಇದೆಯಾ ನೋಡಿ. ನನ್ನ ಮೊದಲನೇದು 1,800 ಕೊಟ್ಟಿದ್ದು, ಝಣಝಣ ಅನ್ನೋ ಲೋಹದ ಬಿಲ್ಲೆ ಕೂರಿಸೋ ತೂತಿನ ಹತ್ರ ಬಿರುಕಿತ್ತು, ಅಂಗಡಿಯವರು ಮೇಣ ತುಂಬಿ ಪಾಲಿಶ್ ಹೊಡೆದಿದ್ರು, ಮನೆಗೆ ಬಂದ ಮೇಲೆ ಗೊತ್ತಾಯ್ತು. ಹಳೇ ಕಾಲದಲ್ಲಿ ಉಡದ ಚರ್ಮ ಹಾಕೋರು, ಈಗಲೂ ಕೆಲವರು ಗುಟ್ಟಾಗಿ ಒಳ್ಳೇ ನಾದ ಸಾರ್ ಅಂತ ತೋರಿಸ್ತಾರೆ, ಮುಟ್ಟಬೇಡಿ, ಉಡ 1972ರ ವನ್ಯಜೀವಿ ಕಾಯ್ದೆಯಲ್ಲಿ ರಕ್ಷಣೆ ಇರೋ ಪ್ರಾಣಿ. ಮೇಕೆ ಚರ್ಮದ್ದೋ ಸಿಂಥೆಟಿಕ್ಕೋ ಸಾಕು.

ಚರ್ಮದ್ದಾದ್ರೆ ನೀರಿನ ಆಟ ಕಲಿಬೇಕು. ಒಣಗಿದ್ದಾಗ ಟಕ್ ಟಕ್ ಅಂತ ಡಬ್ಬ ಬಡಿದಂಗೆ ಇರುತ್ತೆ. ತಿರುಗಿಸಿ ಒಳಗಡೆಯಿಂದ ಐದಾರು ಹನಿ ಹಾಕಿ, ಬೆರಳಲ್ಲಿ ಸುತ್ತಲೂ ಸವರಿ, ಎರಡು ನಿಮಿಷ ಬಿಡಿ, ಮಿಕ್ಕಿದ್ದು ಚೆಲ್ಲಿ. ಆಗ ಬಾರಿಸಿದ್ರೆ ಗುಂ ಅಂತ ಕೆಳಗಿಂದ ಬರುತ್ತೆ, ಎಡಗೈ ಬೆರಳಲ್ಲಿ ಅಂಚು ಒತ್ತಿದ್ರೆ ಆ ಗುಂ ಮೇಲೆ ಕೆಳಗೆ ಜಾರುತ್ತೆ, ಮೊದಲ ಸಲ ನಂಗೆ ಅದು ಬಂದಾಗ ರಾತ್ರಿ ಹತ್ತೂವರೆ, ಹೆಂಡ್ತಿನ ಎಬ್ಬಿಸಿ ಕೇಳಿಸ್ದೆ, ಬೈಸ್ಕೊಂಡೆ. ನೀರು ಜಾಸ್ತಿ ಆದ್ರೆ ಒದ್ದೆ ರಟ್ಟು ಬಡಿದಂಗಾಗುತ್ತೆ. ಮಳೆಗಾಲದಲ್ಲಿ ಒಂದೆರಡು ಹನಿ ಸಾಕು, ಏಪ್ರಿಲಲ್ಲಿ ಹದಿನೈದು ನಿಮಿಷಕ್ಕೆ ಮತ್ತೆ ಒಣಗುತ್ತೆ.

ದಿನಕ್ಕೆ 20 ನಿಮಿಷ ಸಾಕು, ಎಡ ಮಣಿಕಟ್ಟು ನೋವು ಬಂದ್ರೆ ಬಿಗಿಯಾಗಿ ಹಿಡಿದಿದೀರ ಅಂತ ಅರ್ಥ, ನಿಲ್ಲಿಸಿ. ಪಕ್ಕದ ಮನೆಯವರು ಮಲಗಿದ್ರೆ ದಪ್ಪ ಪುಸ್ತಕದ ಮೇಲೆ ಬಾರಿಸಿ, ಬಾಯಿಪಾಠ ಹೇಗೂ ಅಡುಗೆ ಮಾಡ್ಕೊಂಡೇ ಆಗುತ್ತೆ. ಆಫೀಸಿನ ತಲೆನೋವು ಮರೆಯುತ್ತಾ ಅಂತ ಕೇಳಿದ್ರಿ, ಮಿಶ್ರಛಾಪು ಅಂತ ಬರುತ್ತೆ, ತಕಿಟ ತಕಧಿಮಿ, 7ರ ಲೆಕ್ಕ, ಅದನ್ನ ಬಾರಿಸುವಾಗ ನಾಳೆ ಮೀಟಿಂಗ್ ನೆನಪಾಯ್ತೋ ಆ ಕ್ಷಣಕ್ಕೆ ತಾಳ ಹೋಯ್ತು, ಹೋಗಿದ್ದು ಎಲ್ರಿಗೂ ಕೇಳುತ್ತೆ. ಮೀಟಿಂಗ್ ಹೋಗಲ್ಲ, ಸ್ವಲ್ಪ ಹೊತ್ತು ಹೊರಗೆ ಕಾಯುತ್ತೆ.

ಇನ್ನೊಂದು ಮರೆತಿದ್ದೆ. ಬಟ್ಟೆ ಚೀಲದಲ್ಲಿಡಿ, ಕಾರಲ್ಲಿ ಮಾತ್ರ ಬಿಟ್ಟು ಹೋಗ್ಬೇಡಿ. ತುಮಕೂರಲ್ಲಿ ಒಂದು ಮದುವೆ ಊಟ ಮುಗಿಸ್ಕೊಂಡು ಬರೋಷ್ಟರಲ್ಲಿ ಹಿಂದಿನ ಸೀಟಲ್ಲಿದ್ದ ನನ್ನ ಮೊದಲ ಖಂಜಿರದ ಚರ್ಮ ಅಂಚಿಂದ ಅಂಚಿಗೆ ಸೀಳಿತ್ತು.