ನೆತ್ತಿಗೆ ಎಣ್ಣೆ ಒತ್ತಿದರೆ ಮೂಳೆ ಬೇಗ ಕೂಡುತ್ತಾ?

ಪ್ರಶ್ನೆ: ನನ್ನ ಮಗುವಿಗೆ ಏಳು ತಿಂಗಳು. ನೆತ್ತಿ ಮುಟ್ಟಿದರೆ ಇನ್ನೂ ಮೆತ್ತಗಿದೆ, ಒಳಗೆ ಏನೋ ಬಡಿದ ಹಾಗಾಗುತ್ತದೆ. ದಿನಾ ಹರಳೆಣ್ಣೆ ಹಾಕಿ ಒತ್ತಿದರೆ ಬೇಗ ಕೂಡಿಕೊಳ್ಳುತ್ತದೆ ಅಂತಾರೆ ನಮ್ಮತ್ತೆ. ಹೌದಾ? ಅಷ್ಟಕ್ಕೂ ಮೂಳೆ ಗಟ್ಟಿಯಾಗುವುದು ಹೇಗೆ?
– ಒಬ್ಬ ತಾಯಿ, ಹಾಸನ

ಉತ್ತರ: ಎಣ್ಣೆ ಬೇಕಿದ್ದರೆ ಹಚ್ಚಿ, ಒತ್ತಬೇಡಿ. ಬೇಗ ಕೂಡಲಿ ಅನ್ನೋ ಅವಸರವಾದರೂ ಯಾಕೆ? ಹೆರಿಗೆಯಲ್ಲಿ ತಲೆ ಸ್ವಲ್ಪ ಅಮುಕಿಕೊಂಡು ಹೊರಬರಲಿ, ಆಮೇಲೆ ಮಿದುಳು ಬೆಳೆಯಲು ಜಾಗ ಇರಲಿ ಅಂತಲೇ ಅಲ್ಲಿ ಸಂದು ಬಿಟ್ಟಿರುವುದು. ಅದು ಸಾಮಾನ್ಯವಾಗಿ 12ರಿಂದ 18 ತಿಂಗಳೊಳಗೆ ಮುಚ್ಚುತ್ತದೆ, ಕೆಲವು ಮಕ್ಕಳಿಗೆ 2 ವರ್ಷವೂ ಆಗಬಹುದು. ತಲೆಯ ಹಿಂದೆ ಇನ್ನೊಂದು ಪುಟ್ಟ ಸಂದು ಇತ್ತು, ಅದು ಎರಡು ಮೂರು ತಿಂಗಳಿಗೇ ಮುಚ್ಚಿಕೊಂಡಿರುತ್ತದೆ, ನಿಮಗೆ ಗೊತ್ತೂ ಆಗಿರಲ್ಲ. ಆ ಬಡಿತ ರಕ್ತನಾಳದ್ದು, ಹೆದರಬೇಡಿ. ಆದರೆ ವಾಂತಿ ಭೇದಿಯಾಗಿ ನೆತ್ತಿ ಗುಳಿ ಬಿದ್ದರೆ, ಅಥವಾ ಜ್ವರದ ಜೊತೆ ಉಬ್ಬಿ ನಿಂತರೆ, ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ.

ಇನ್ನು ಗಟ್ಟಿಯಾಗುವ ವಿಷಯ. ತಲೆಯ ಚಪ್ಪಟೆ ಮೂಳೆಗಳು ಒಂದು ತೆಳು ಪೊರೆಯಲ್ಲೇ ನೇರವಾಗಿ ಹುಟ್ಟುತ್ತವೆ, ನಡುವಿನಿಂದ ಅಂಚಿನ ಕಡೆಗೆ ಹಬ್ಬುತ್ತಾ ಬರುತ್ತವೆ, ಹಾಗಾಗಿ ಅಂಚುಗಳು ಸೇರುವ ನೆತ್ತಿ ಕೊನೆಗೆ ಉಳಿಯುತ್ತದೆ. ಕೈಕಾಲಿನ ಮೂಳೆಗಳದ್ದು ಬೇರೆ ದಾರಿ. ನಿಮ್ಮ ಕಿವಿ ಹಿಡಿದು ಮಡಚಿ ನೋಡಿ, ಅಂಥದ್ದೇ ಮೃದ್ವಸ್ಥಿಯಲ್ಲಿ ಮೊದಲು ಮೂಳೆಯ ಆಕಾರ ತಯಾರಾಗುತ್ತದೆ. ಆಮೇಲೆ ಅದರ ನಡುಭಾಗಕ್ಕೆ ರಕ್ತನಾಳ ನುಗ್ಗುತ್ತದೆ, ಜೊತೆಗೆ ಮೂಳೆ ಕಟ್ಟುವ ಜೀವಕೋಶಗಳೂ ಬರುತ್ತವೆ. ತಲೆಯಲ್ಲಾಗಲಿ ಕೈಕಾಲಿನಲ್ಲಾಗಲಿ, ಮೂಳೆ ಕಟ್ಟುವ ಈ ಜೀವಕೋಶಗಳು ಮೊದಲು ಕೊಲಾಜೆನ್ ಅನ್ನೋ ನಾರಿನ ಹೆಣಿಗೆ ಹಾಕುತ್ತವೆ, ಅದರೊಳಗೆ ಕ್ಯಾಲ್ಸಿಯಂ ಮತ್ತು ರಂಜಕದ ಲವಣ ಕೂತು ಗಟ್ಟಿಯಾಗುತ್ತದೆ. ನಂಬಿಕೆ ಬರದಿದ್ದರೆ ಕೋಳಿ ಸಾರು ಮಾಡಿದ ದಿನ ಒಂದು ತೆಳು ಮೂಳೆಯನ್ನು ನಾಲ್ಕೈದು ದಿನ ವಿನೆಗರ್‌ನಲ್ಲಿ ನೆನೆಹಾಕಿ. ಸುಣ್ಣದ ಅಂಶ ಕರಗಿ ಬರೀ ನಾರು ಉಳಿದು, ಮೂಳೆ ರಬ್ಬರ್ ಥರ ಬಾಗುತ್ತದೆ. ಅದೇ ಒಲೆಗೆ ಬಿದ್ದು ಸುಟ್ಟ ಮೂಳೆ? ನಾರು ಸುಟ್ಟು ಸುಣ್ಣ ಮಾತ್ರ ಉಳಿದಿರುತ್ತದೆ, ಹಿಸುಕಿದರೆ ಪುಡಿ. ಬರೀ ಗಟ್ಟಿ ಇದ್ದರೆ ಸಾಲದು, ಬಳುಕಲೂ ಬೇಕು.

ಎಣ್ಣೆಯಲ್ಲಿ ಆ ನಾರೂ ಇಲ್ಲ, ಸುಣ್ಣವೂ ಇಲ್ಲ. ಮಗುವಿನ ಮೂಳೆಗೆ ಕ್ಯಾಲ್ಸಿಯಂ ಬರುವುದು ಎದೆಹಾಲಿನಿಂದ, ಆರು ತಿಂಗಳು ತುಂಬಿದ ಮೇಲೆ ಊಟದಿಂದಲೂ. ನಮ್ಮ ರಾಗಿ ಸರಿ ಸುಮ್ನೆ ಹೆಸರು ಮಾಡಿಲ್ಲ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ. ಆದರೆ ಡಿ ವಿಟಮಿನ್ ಕಡಿಮೆಯಾದರೆ ತಿಂದ ಕ್ಯಾಲ್ಸಿಯಂ ಕರುಳಿನಿಂದ ಸರಿಯಾಗಿ ರಕ್ತಕ್ಕೆ ಸೇರಲ್ಲ, ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುವ ರಿಕೆಟ್ಸ್ ಬರುತ್ತದೆ. ಮೊದಲ ವರ್ಷ ದಿನಕ್ಕೆ 400 ಐಯು (ವಿಟಮಿನ್ ಅಳೆಯುವ ಮಾನ) ಡಿ ವಿಟಮಿನ್ ಹನಿ ಬರೆದುಕೊಡುವುದು ಅದಕ್ಕೇ. ಅದನ್ನು ಮರೆಯಬೇಡಿ, ಅತ್ತೆ ಜೊತೆ ಜಗಳವೂ ಬೇಡ, ಮೈಗೆ ಎಣ್ಣೆ ತಿಕ್ಕಿ ನೀರು ಹಾಕಲಿ ಬಿಡಿ.

ಪ್ರಶ್ನೆ: ಹುಟ್ಟುವಾಗ ಸುಮಾರು 300 ಮೂಳೆ, ದೊಡ್ಡವರಿಗೆ 206. ಮಿಕ್ಕಿದ್ದು ಎಲ್ಲಿ ಹೋಯಿತು?
– ಪಿಯುಸಿ ವಿದ್ಯಾರ್ಥಿ, ಶಿರಸಿ

ಉತ್ತರ: ಎಲ್ಲೂ ಹೋಗಿಲ್ಲ, ಒಂದಕ್ಕೊಂದು ಬೆಸೆದುಕೊಂಡಿವೆ. ಸೊಂಟದ ಹಿಂದೆ ಬೇರೆ ಬೇರೆ ಇದ್ದ ಐದು ಮೂಳೆ ಇಪ್ಪತ್ತರ ಆಸುಪಾಸಿನಲ್ಲಿ ಒಂದೇ ಆಗುತ್ತವೆ. ತಮಾಷೆ ಅಂದ್ರೆ ಕೆಲವು ಮೂಳೆಗಳು ಹುಟ್ಟಿದ ಮೇಲೆ ಗಟ್ಟಿಯಾಗಲು ಶುರುವಾಗುತ್ತವೆ. ಮಂಡಿಚಿಪ್ಪು 3ರಿಂದ 6 ವರ್ಷದವರೆಗೂ ಬರೀ ಮೃದ್ವಸ್ಥಿ. ಮಣಿಕಟ್ಟಿನ ಎಂಟು ಮೂಳೆಗಳು ಹಸುಗೂಸಿನ ಎಕ್ಸ್-ರೇಯಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ, ವರ್ಷ ಕಳೆದ ಹಾಗೆ ಒಂದೊಂದಾಗಿ ಮೂಡುತ್ತವೆ. ಹುಟ್ಟಿದ ತಾರೀಖಿನ ದಾಖಲೆ ಇಲ್ಲದ ಮಕ್ಕಳ ವಯಸ್ಸು ಅಂದಾಜು ಮಾಡಲು ಕೈಯ ಎಕ್ಸ್-ರೇ ತೆಗೆಸುತ್ತಾರಲ್ಲ, ಅಲ್ಲಿ ನೋಡುವುದು ಇದನ್ನೇ.