ಬೇಸಿಗೆ ರಜೆಯಲ್ಲಿ ಜಪಾನಿ ಕುಟುಂಬದ ಜೊತೆ ಉಳಿಯಲಿರುವ ಹದಿಹರೆಯದ ವಿದ್ಯಾರ್ಥಿ ಮೊದಲು ಏನು ತಿಳಿದಿರಬೇಕು?

ನನ್ನ ಮಟ್ಟಿಗೆ ಮೊದಲು ಕಲಿಯಬೇಕಾದದ್ದು ಸ್ನಾನ. ಜಪಾನಿನ ಮನೆಗಳಲ್ಲಿ ತೊಟ್ಟಿಯ ಬಿಸಿನೀರು ಇರುವುದು ಮೈ ತೊಳೆಯಲು ಅಲ್ಲ, ದಣಿವಾರಿಸಿಕೊಳ್ಳಲು. ತೊಟ್ಟಿಯ ಹೊರಗೆ ಪುಟ್ಟ ಮಣೆಯ ಮೇಲೆ ಕುಳಿತು, ಸೋಪು ಹಚ್ಚಿ, ನೊರೆಯೆಲ್ಲ ಹೋಗುವಂತೆ ತೊಳೆದುಕೊಂಡ ಮೇಲೆಯೇ ಒಳಗೆ ಇಳಿಯಬೇಕು. ಅದೇ ನೀರಿನಲ್ಲಿ ಮನೆಯವರೆಲ್ಲ ಸರದಿಯಂತೆ ಕೂರುತ್ತಾರೆ. ಆದ್ದರಿಂದ ಎದ್ದು ಬರುವಾಗ ನೀರನ್ನು ಹರಿಯಬಿಡಬಾರದು. ಎಷ್ಟೋ ಮನೆಗಳಲ್ಲಿ ಅತಿಥಿಗೇ ಮೊದಲ ಸರದಿ ಕೊಡುತ್ತಾರೆ. ಅದು ದೊಡ್ಡ ಆದರ, ಸಂಕೋಚಪಡದೆ ಸ್ವೀಕರಿಸಿ.

ಚಪ್ಪಲಿಯನ್ನು ಬಾಗಿಲಲ್ಲೇ ಬಿಡುವುದು ನಮಗೆ ಹೊಸದಲ್ಲ. ಆದರೆ ಮನೆಯೊಳಗಿನ ಸ್ಲಿಪ್ಪರ್ ಕೂಡ ತಾತಾಮಿಯನ್ನು, ಅಂದರೆ ನೆಲಕ್ಕೆ ಹಾಸಿದ ಹುಲ್ಲಿನ ದಪ್ಪ ಚಾಪೆಯನ್ನು, ತುಳಿಯಬಾರದು. ಶೌಚಾಲಯಕ್ಕೆ ಬೇರೆಯದೇ ಜೋಡಿ ಇರುತ್ತದೆ.

ಸಸ್ಯಾಹಾರಿಗಳು ಹೊರಡುವ ಮುನ್ನವೇ ಬಿಡಿಸಿ ಹೇಳಬೇಕು. ಮೀನಿನ ತುಂಡು ಕಾಣದ ಮಿಸೊ (ಹುದುಗಿಸಿದ ಸೋಯಾ ಕಾಳಿನ ಮುದ್ದೆ) ಸಾರಿನಲ್ಲೂ ಸಾಮಾನ್ಯವಾಗಿ ಒಣಮೀನಿನ ರಸವಿರುತ್ತದೆ. ಅನ್ನದಲ್ಲಿ ಊಟದ ಕಡ್ಡಿಗಳನ್ನು ನೆಟ್ಟಗೆ ಚುಚ್ಚಬೇಡಿ, ಅದು ಸತ್ತವರಿಗೆ ಎಡೆ ಇಡುವ ರೀತಿ.

ಅಲ್ಲಿನ ಬೇಸಿಗೆ ರಜೆಯ ನಡುವೆಯೇ, ಬಹಳ ಕಡೆ ಆಗಸ್ಟ್ 13ರಿಂದ 16ರವರೆಗೆ ಓಬೋನ್, ಅಂದರೆ ಗತಿಸಿದ ಹಿರಿಯರು ಮನೆಗೆ ಬರುವರೆಂದು ನಂಬುವ ದಿನಗಳು. ಸಮಾಧಿ ತೊಳೆದು ಹೂವಿಡಲು ಕರೆದರೆ ಖಂಡಿತ ಹೋಗಿ. ಪಿತೃಪಕ್ಷವನ್ನು ಕಂಡು ಬೆಳೆದ ಮಗುವಿಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ.